ಓಡುವ ಕಾರಿನಲ್ಲಿ ಲೆಕ್ಕದ ಪುಸ್ತಕ ಬಿಚ್ಚಿಸಬೇಡಿ

ಕಳೆದ ಚಳಿಗಾಲದಲ್ಲಿ ಜಬಲ್ಪುರದ ಲಾಡ್ಜಿನಿಂದ ಒಬ್ಬ ತಾಯಿ ಫೋನ್ ಮಾಡಿದರು. ದಾವಣಗೆರೆಯಿಂದ ಕಾಶಿಗೆ ಕಾರಿನಲ್ಲಿ ಹೊರಟ ಕುಟುಂಬ, ಹತ್ತು ವರ್ಷದ ಮಗಳಿಗೆ ಹೋಮ್‌ಸ್ಕೂಲಿಂಗ್. “ಮೇಡಂ, ಪುಸ್ತಕ ಬಿಚ್ಚಿದ ಹತ್ತೇ ನಿಮಿಷಕ್ಕೆ ಆಕಳಿಸ್ತಾಳೆ. ಓದು ಅಂದ್ರೇ ಆಗಲ್ಲ ಇವಳಿಗೆ” ಅಂದರು. ಎಲ್ಲಿ ಓದಿಸ್ತಿದ್ದೀರಿ ಅಂತ ಕೇಳಿದೆ. ಹಿಂದಿನ ಸೀಟಿನಲ್ಲಿ, ದಿನಕ್ಕೆ ನಾಲ್ಕು ಗಂಟೆ, ಶಾಲೆಯ ಟೈಮ್‌ಟೇಬಲ್ ಪ್ರಕಾರ!

ಇಂಥ ಫೋನು ನನಗೆ ವರ್ಷಕ್ಕೆ ಹತ್ತಾರು ಬರುತ್ತವೆ. ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ನೋಂದಣಿ, ಹತ್ತನೇ ತರಗತಿ ಪರೀಕ್ಷೆಗೆ 14 ವರ್ಷ ತುಂಬಿರಬೇಕೆಂಬ ನಿಯಮ, ಇವೆಲ್ಲ ಪೋಷಕರಿಗೆ ಬಾಯಿಪಾಠ. ಆದರೆ ಆಕಳಿಕೆ ಸೋಮಾರಿತನವಲ್ಲ, ವಾಂತಿಯ ಮುನ್ಸೂಚನೆ ಎನ್ನುವುದು ಎಷ್ಟು ಸಲ ಹೇಳಿದರೂ ತಲೆಗೆ ಹತ್ತುವುದಿಲ್ಲ.

ಮತ್ತೊಮ್ಮೆ ಹೇಳುತ್ತೇನೆ. ಒಳಕಿವಿಯಲ್ಲಿ ದ್ರವ ತುಂಬಿದ ಪುಟ್ಟ ಕೊಳವೆಗಳಿವೆ. ಕಾರು ತಿರುಗಿದರೆ ಅವುಗಳೊಳಗಿನ ದ್ರವ ಅಲುಗುತ್ತದೆ. ಅವುಗಳ ಪಕ್ಕದ ಇನ್ನೊಂದು ಭಾಗಕ್ಕೆ ಬ್ರೇಕು, ವೇಗ, ಕುಲುಕಾಟ ತಿಳಿಯುತ್ತದೆ. ನಾವು ಚಲಿಸುತ್ತಿದ್ದೇವೆ ಎಂದು ಕಿವಿ ಮಿದುಳಿಗೆ ಸುದ್ದಿ ಕಳಿಸುತ್ತಿರುತ್ತದೆ. ಕಣ್ಣು ಮಾತ್ರ ಪುಟದ ಮೇಲಿದೆ, ಪುಟ ಅಲ್ಲೇ ಇದೆ, ಹಾಗಾಗಿ ಏನೂ ಚಲಿಸುತ್ತಿಲ್ಲ ಅನ್ನುತ್ತದೆ. ಈ ಎರಡು ಸುದ್ದಿ ಹೊಂದದಿದ್ದಾಗ ಮೊದಲು ಬರುವುದು ಆಕಳಿಕೆ, ಮಂಕು, ನಿಟ್ಟುಸಿರು. ಆಮೇಲೆ ಮುಖ ಬಿಳಿಚುತ್ತದೆ, ಬಾಯಲ್ಲಿ ನೀರೂರುತ್ತದೆ, ಹೊಟ್ಟೆ ತೊಳಸುತ್ತದೆ. ಎರಡರಿಂದ ಹನ್ನೆರಡು ವಯಸ್ಸಿನವರಿಗೆ ಇದರ ಕಾಟ ಹೆಚ್ಚು. ಅಂದರೆ ಸರಿಯಾಗಿ ನೀವು ಮಗ್ಗಿ ಕಲಿಸುವ ವಯಸ್ಸು.

“ಚಾರ್ಮಾಡಿಯಲ್ಲಾದರೆ ಸರಿ, ಇದು ನೇರ ರಸ್ತೆಯಲ್ವಾ?” ಎಂದು ಕೇಳುತ್ತಾರೆ. ಬರೀ ಕೂತವರಿಗೆ ನೇರ ರಸ್ತೆ ಹಗುರವೇ. ಓದುವವರಿಗೆ ಹಾಗಲ್ಲ, ಹೆದ್ದಾರಿಯಲ್ಲೂ ಲೇನ್ ಬದಲಾವಣೆ, ಹಂಪು, ಬ್ರೇಕು ಇದ್ದೇ ಇವೆ. “ನನಗೇನೂ ಆಗಲ್ಲ” ಎನ್ನುವ ಅಪ್ಪಂದಿರು ಸ್ಟೀರಿಂಗ್ ಹಿಡಿದಿರುತ್ತಾರೆ. ಮುಂದಿನ ತಿರುವು ಅವರಿಗೆ ಮೊದಲೇ ಗೊತ್ತು, ಕಣ್ಣು ರಸ್ತೆಯ ಮೇಲಿದೆ. ಮಗುವಿಗೆ ಇವೆರಡೂ ಇಲ್ಲ.

ನನಗೆ ಸಂಕಟವಾಗುವುದು ವಾಂತಿಗಲ್ಲ, ಅದನ್ನು ಒರೆಸಿದರಾಯಿತು. ಗಣಿತ ಅಂದರೆ ಹೊಟ್ಟೆ ತೊಳಸುವುದು ಎಂದು ಮಗು ಕಲಿತುಬಿಡುತ್ತದೆ, ಮಗಳು ದಡ್ಡಿ ಎಂದು ಅಮ್ಮ ಕಲಿತುಬಿಡುತ್ತಾಳೆ. ಶಾಲೆ ಬಿಡಿಸಿದ್ದು ಇದಕ್ಕಾ? ಇನ್ನು ಮುಂದಿನ ಸೀಟಿನ ಬೆನ್ನಿಗೆ ಮಡಚುವ ಮೇಜು ಜೋಡಿಸುವವರಿದ್ದಾರೆ. ದಯವಿಟ್ಟು ಬೇಡ. ಗಟ್ಟಿ ಬ್ರೇಕ್ ಹಾಕಿದರೆ ಅದರ ಅಂಚು ಮಗುವಿನ ಎದೆಗೆ, ಪೆನ್ಸಿಲ್ ಕಣ್ಣಿಗೆ.

ಬರೆಯುವ ಕೆಲಸವೆಲ್ಲ ಬೆಳಿಗ್ಗೆ ಕಾರು ಹೊರಡುವ ಮುನ್ನ, ಲಾಡ್ಜಿನ ನೆಲದ ಮೇಲೆ, ಒಂದು ಗಂಟೆ. ಒಂದೇ ಮಗುವಿಗೆ ಎದುರು ಕೂತು ಕಲಿಸುವಾಗ ಅಷ್ಟು ಸಾಲುತ್ತದೆ. ಪ್ರತಿದಿನ ಆಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಊರು ನೋಡಿದರೆ ಭಿನ್ನರಾಶಿ ತಾನಾಗಿ ಬರುವುದಿಲ್ಲ. ಕಾರು ಹೊರಟ ಮೇಲೆ ಕಣ್ಣು ಹೊರಗೆ, ದೂರಕ್ಕೆ. ಲೆಕ್ಕ ಬಾಯಲ್ಲಿ. ನರ್ಮದೆಯ ಸೇತುವೆ ಬಂದಾಗ ಸೂರ್ಯ ಎಲ್ಲಿದ್ದಾನೆ, ನೀರು ಯಾವ ಕಡೆ ಹೋಗುತ್ತಿದೆ ಎಂದು ಕೇಳಿ. ನಮ್ಮ ಕೃಷ್ಣೆ, ತುಂಗಭದ್ರೆ ಪೂರ್ವಕ್ಕೆ ಹರಿದರೆ ಇದು ಪಶ್ಚಿಮಕ್ಕೆ ಹೊರಟಿರುತ್ತದೆ.

ನಾನು ವೈದ್ಯೆಯಲ್ಲ. ವಾಂತಿ ತಡೆಯುವ ಮಾತ್ರೆಯನ್ನು ಮಕ್ಕಳ ವೈದ್ಯರನ್ನು ಕೇಳದೆ ಕೊಡಬೇಡಿ. ಕಾರಿನಲ್ಲಿ ಇಲ್ಲದಾಗಲೂ ತಲೆಸುತ್ತು, ತಲೆನೋವು ಇದ್ದರೆ ತೋರಿಸಲೇಬೇಕು.

ದಾವಣಗೆರೆಯ ಆ ಹುಡುಗಿಗೆ ಕಿಲೋಮೀಟರ್ ಕಲ್ಲುಗಳ ನಡುವೆ ಸೆಕೆಂಡು ಎಣಿಸಿ, 3600ನ್ನು ಅದರಿಂದ ಭಾಗಿಸಿ ಗಂಟೆಗೆ ಎಷ್ಟು ಕಿಲೋಮೀಟರ್ ವೇಗ ಎಂದು ಕಂಡುಹಿಡಿಯಲು ಹೇಳಿಕೊಟ್ಟೆ. ನಾಲ್ಕು ದಿನದ ನಂತರ ಅವಳೇ ಫೋನ್ ಮಾಡಿದಳು. “ಮಿಸ್, 48 ಸೆಕೆಂಡ್ ಬಂತು, ಅಂದ್ರೆ 75. ಅಪ್ಪನ ಮೀಟರಲ್ಲಿ 80 ಇತ್ತು. ಮೂರು ಸಲ ನೋಡಿದೆ. ಯಾವುದು ಸುಳ್ಳು?” ಸ್ಪೀಡೋಮೀಟರ್‌ಗಳು ಸಾಮಾನ್ಯವಾಗಿ ಸ್ವಲ್ಪ ಹೆಚ್ಚೇ ತೋರಿಸುತ್ತವೆ. ನಾನು ಹೇಳಲಿಲ್ಲ. ಕಾಶಿಯಲ್ಲಿ ಯಾರಾದರೂ ಮೆಕ್ಯಾನಿಕ್ಕನ್ನು ಕೇಳು ಅಂದೆ.