ಯಾರಿಗೂ ಬೇಡವಾಗಿದ್ದ ಗಸಿಗೆ ಗಿರಾಕಿ ಸಿಕ್ಕಿದ್ದು ಹೇಗೆ?

ಮಳೆಗಾಲದ ರಾಡಿ ನೀರಿನಲ್ಲಿ ಪಟಿಕದ ತುಂಡು ಆಡಿಸಿದರೆ ಮಣ್ಣು ತಳ ಸೇರುತ್ತದೆ. ನೀರು ಶುದ್ಧೀಕರಣ ಘಟಕಗಳಲ್ಲಿ ನಡೆಯುವುದೂ ಅದೇ, ಟನ್‌ಗಟ್ಟಲೆ. ತಿಳಿನೀರು ನಲ್ಲಿಗೆ ಬರುತ್ತದೆ. ಗಸಿ ಎಲ್ಲಿಗೆ ಹೋಯಿತು ಅಂತ ನಾವ್ಯಾರೂ ಕೇಳುವುದಿಲ್ಲ.

ಅಮೆರಿಕದಲ್ಲಿ ಬಹುಕಾಲ ಅದು ನದಿಗೇ ವಾಪಸ್ ಹೋಗುತ್ತಿತ್ತು. 1972ರ ಶುದ್ಧ ನೀರಿನ ಕಾಯ್ದೆ ಬಂದ ಮೇಲೆ ಅನುಮತಿ ಇಲ್ಲದೆ ಬಿಡುವಂತಿರಲಿಲ್ಲ. ಹೊಲಕ್ಕೆ ಹಾಕಿ ನೋಡಿದರೆ ಹೊಸ ತಕರಾರು: ಪೈರಿಗೆ ಸೇರಬೇಕಾದ ರಂಜಕವನ್ನು ಗಸಿಯೇ ಹಿಡಿದಿಟ್ಟುಕೊಳ್ಳುತ್ತಿತ್ತು.

ಫ್ಲಾರಿಡಾದ ಒಕೀಚೋಬಿ ಸರೋವರದ ಕಷ್ಟ ಇದಕ್ಕೆ ತದ್ವಿರುದ್ಧ. ಸುತ್ತ ಡೈರಿಗಳು, ಕೆಳಗೆ ಮರಳು ನೆಲ. ರಂಜಕವನ್ನು ತಡೆಯುವಷ್ಟು ಕಬ್ಬಿಣವಾಗಲಿ ಅಲ್ಯೂಮಿನಿಯಂ ಆಗಲಿ ಆ ಮರಳಿನಲ್ಲಿಲ್ಲ. ಸಗಣಿ, ಗೊಬ್ಬರದ ರಂಜಕ ಮಳೆನೀರಿನ ಜೊತೆ ಸರೋವರ ಸೇರಿ ಪಾಚಿ ಬೆಳೆಸುತ್ತಿತ್ತು. ಅಲ್ಲಿನ ವಿಶ್ವವಿದ್ಯಾಲಯದವರಿಗೆ ಗಸಿಯ 'ದೋಷ'ವೇ ಬೇಕಾಗಿತ್ತು.

ಗಸಿಯ ಒಳಗುಟ್ಟು ಸ್ವಾರಸ್ಯವಾಗಿದೆ. ಪಟಿಕ ನೀರಿಗೆ ಬಿದ್ದಾಗ ಆಗುವ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಮೊದಲು ಲೋಳೆಲೋಳೆ. ಒಮ್ಮೆ ಚೆನ್ನಾಗಿ ಒಣಗಿತೋ, ಕಾಫಿ ಪುಡಿಯಂಥ ಕಾಳಾಗುತ್ತದೆ. ಮತ್ತೆ ನೆನೆಸಿದರೂ ಲೋಳೆಯಾಗುವುದಿಲ್ಲ. ಕಾಳಿನೊಳಗೆಲ್ಲ ಕಣ್ಣಿಗೆ ಕಾಣದ ತೂತುಗಳು. ನೀರಿನಲ್ಲಿ ರಂಜಕ ಇರುವುದು ಫಾಸ್ಫೇಟ್ ರೂಪದಲ್ಲಿ. ಅದು ಬಂದು ಕಾಳಿನ ಮೈಮೇಲಿನ ಹೈಡ್ರಾಕ್ಸಿಲ್ ಅನ್ನು (ಆಮ್ಲಜನಕ-ಜಲಜನಕದ ಜೋಡಿ) ಎಬ್ಬಿಸಿ, ತಾನೇ ಅಲ್ಯೂಮಿನಿಯಂಗೆ ಬೆಸೆದುಕೊಂಡು ಕೂರುತ್ತದೆ. ಆಮೇಲೆ ನಿಧಾನಕ್ಕೆ ತೂತುಗಳ ಆಳಕ್ಕೆ ಇಳಿಯುತ್ತದೆ. ಅಲ್ಲಿಂದ ಹೊರಗೆ ಬರುವುದು ಸುಲಭವಲ್ಲ. ಒಂದೇ ದಿನದ ಪರೀಕ್ಷೆ ನೋಡಿ ಗಸಿಯ ಶಕ್ತಿ ಅಳೆದರೆ ಲೆಕ್ಕ ತಪ್ಪುವುದು ಇದಕ್ಕೇ.

ಕಬ್ಬಿಣವೂ ರಂಜಕವನ್ನು ಹಿಡಿಯುತ್ತದೆ ನಿಜ. ಆದರೆ ಕೆರೆಯ ತಳದಲ್ಲಿ ಆಮ್ಲಜನಕ ಮುಗಿದರೆ ಕೈಬಿಡುತ್ತದೆ. ಇದನ್ನು 1940ರ ದಶಕದಲ್ಲೇ ಮಾರ್ಟಿಮರ್ ಎಂಬ ವಿಜ್ಞಾನಿ ಇಂಗ್ಲೆಂಡಿನ ಸರೋವರಗಳಲ್ಲಿ ತೋರಿಸಿದ್ದರು. ಅಲ್ಯೂಮಿನಿಯಂ ಮಾತ್ರ ಇದಕ್ಕೆಲ್ಲ ಕ್ಯಾರೇ ಅನ್ನುವುದಿಲ್ಲ. ಅದಕ್ಕಿರುವ ಹೆದರಿಕೆ ಹುಳಿಯದು. ಮಣ್ಣಿನ ಪಿಎಚ್ ತೀರಾ ಇಳಿದರೆ, ಅಂದರೆ ಹುಳಿ ಹೆಚ್ಚಿದರೆ, ಕರಗತೊಡಗುತ್ತದೆ.

ಮಿಷಿಗನ್‌ನ ಹೊಲಗಳಿಗೆ 1998ರಲ್ಲಿ ಹಾಕಿದ ಗಸಿ ಏಳೂವರೆ ವರ್ಷದ ನಂತರವೂ ಹಿಡಿತ ಬಿಟ್ಟಿರಲಿಲ್ಲ.

ಇಷ್ಟು ಕೇಳಿದ ಮೇಲೆ, ಎಲ್ಲ ಕೆರೆಗೂ ಇದನ್ನೇ ಸುರಿಯೋಣ ಅನ್ನಿಸುತ್ತದೆ, ಅಲ್ವಾ? ಸಾಗಿಸಿ ಗುಂಡಿಗೆ ತುಂಬುವ ಖರ್ಚು ಉಳಿಸಬೇಕೆನ್ನುವವರಿಗೂ ಅದೇ ಇಷ್ಟ. ಆದರೆ ಕಾಳಿನಲ್ಲಿ ಇರುವ ಜಾಗ ಇಷ್ಟೇ. ಮೇಲಿನಿಂದ ಗೊಬ್ಬರವೋ ಚರಂಡಿ ನೀರೋ ಬರುತ್ತಲೇ ಇದ್ದರೆ ಅದು ಬೇಗ ಭರ್ತಿ. ಮೇಲಾಗಿ ಎಲ್ಲ ಗಸಿಯೂ ಒಂದೇ ಅಲ್ಲ. ನದಿ ಕೆಂಪಾಗಿ ಹರಿಯುವ ತಿಂಗಳಿನ ಗಸಿಯಲ್ಲಿ ಮಣ್ಣೇ ಜಾಸ್ತಿ. ಹಾಗಾಗಿ ಪ್ರತಿ ರಾಶಿಯನ್ನೂ ಪರೀಕ್ಷಿಸಿಯೇ ಹಾಕಬೇಕು.