ಕಾಂಡ್ಲಾ ಎಲೆಯ ಕಷಾಯ ಕುಡಿಯಬಹುದಾ?

ಓದುಗರ ಪ್ರಶ್ನೆ: ಕಾಂಡ್ಲಾ ಗಿಡದ (ಮ್ಯಾಂಗ್ರೋವ್) ಎಲೆಯಲ್ಲಿ ಆಂಟಿಆಕ್ಸಿಡೆಂಟ್ ತುಂಬಾ ಇದೆ ಎಂದು ಓದಿದೆ. ಹಾಗಾದರೆ ಎಲೆ ಒಣಗಿಸಿ ಕಷಾಯ ಮಾಡಿ ಕುಡಿದರೆ ಒಳ್ಳೆಯದಲ್ವಾ?

ಎಲೆಯಲ್ಲಿ ಇರುವುದು ನಿಜ. ಕುಡಿಯುವ ಮಾತಿಗೆ ಆಮೇಲೆ ಬರೋಣ.

ಮೊದಲು ಆ ಗಿಡದ ಪಾಡು ನೋಡಿ. ಬೇರು ಉಪ್ಪುನೀರಿನ ಕೆಸರಿನಲ್ಲಿ, ಕೆಸರಿನೊಳಗೆ ಗಾಳಿಯೇ ಇಲ್ಲ. ನೆತ್ತಿಯ ಮೇಲೆ ಸುಡುಬಿಸಿಲು. ಕಾಂಡ್ಲಾದಲ್ಲೇ ಅವಿಸೆನಿಯಾ ಎಂಬ ಜಾತಿಯ ಎಲೆಯನ್ನು ಒಣ ದಿನದಲ್ಲಿ ಹತ್ತಿರದಿಂದ ನೋಡಿದರೆ ಉಪ್ಪಿನ ಪುಟ್ಟ ಹರಳುಗಳು ಕಾಣುತ್ತವೆ. ಹೆಚ್ಚಾದ ಉಪ್ಪನ್ನು ಎಲೆಯೇ ಹೊರಗೆ ಹಾಕುತ್ತದೆ. ಈ ಒದ್ದಾಟದಲ್ಲಿ ಬಿದ್ದ ಬೆಳಕನ್ನೆಲ್ಲ ಬಳಸಿಕೊಳ್ಳಲು ಎಲೆಗೆ ಆಗುವುದಿಲ್ಲ. ಆಗ ಜೀವಕೋಶದೊಳಗೆ ಪುಂಡ ಆಮ್ಲಜನಕದ ಕಣಗಳು ಹುಟ್ಟಿ, ಸಿಕ್ಕಿದ್ದನ್ನೆಲ್ಲ ಹಾಳುಮಾಡುತ್ತವೆ. ಅವುಗಳನ್ನು ಸುಮ್ಮನಾಗಿಸಲು ಎಲೆ ಟ್ಯಾನಿನ್, ಕ್ವೆರ್ಸೆಟಿನ್, ರುಟಿನ್‌ನಂಥ ಪಾಲಿಫೀನಾಲ್‌ಗಳನ್ನು ಕೂಡಿಟ್ಟುಕೊಳ್ಳುತ್ತದೆ. ಆಂಟಿಆಕ್ಸಿಡೆಂಟ್ ಎನ್ನುವುದು ಇಂಥವುಗಳನ್ನೇ. ಅಂದರೆ ಅದು ಗಿಡ ತನಗಾಗಿ ಮಾಡಿಕೊಂಡ ವ್ಯವಸ್ಥೆ, ನಮಗಾಗಿ ಅಲ್ಲ.

ಇದನ್ನು ಅಳೆಯುವ ಒಂದು ಸುಲಭ ಪರೀಕ್ಷೆ ಡಿಪಿಪಿಎಚ್. ಗಾಢ ನೇರಳೆ ದ್ರಾವಣಕ್ಕೆ ಎಲೆಯ ಸಾರ ಹಾಕುತ್ತಾರೆ. ನೇರಳೆ ಮಾಸಿ ಹಳದಿಯಾದರೆ ಆಂಟಿಆಕ್ಸಿಡೆಂಟ್ ಇದೆ ಎಂದರ್ಥ. ನೋಡಲು ಚೆಂದ. ಆದರೆ ಸಾರ ತೆಗೆಯಲು ಅಲ್ಲಿ ಹೆಚ್ಚಾಗಿ ಬಳಸುವುದು ಮೆಥನಾಲ್ ಎಂಬ ಆಲ್ಕೋಹಾಲ್, ನಿಮ್ಮ ಪಾತ್ರೆಯಲ್ಲಿರುವುದು ಬಿಸಿನೀರು. ಇನ್ನು ಹೊಟ್ಟೆ, ಕರುಳು, ಲಿವರ್ ದಾಟಿ ಎಷ್ಟು ಉಳಿಯುತ್ತದೆ ಎಂಬುದನ್ನು ಗಾಜಿನ ಕೊಳವೆ ಹೇಳುವುದಿಲ್ಲ.

ಟ್ಯಾನಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ರೈಜೋಫೊರಾ ಎಂಬ ಇನ್ನೊಂದು ಕಾಂಡ್ಲಾ ಜಾತಿಯ ತೊಗಟೆಯಲ್ಲಿ ಇದು ಎಷ್ಟಿದೆಯೆಂದರೆ, ಅದರಿಂದ ಚರ್ಮ ಹದ ಮಾಡುತ್ತಿದ್ದರು. ಚರ್ಮವನ್ನು ಗಟ್ಟಿ ಮಾಡುವ ಗುಣವೇ ಬಾಯಲ್ಲಿ ಒಗರಾಗಿ ತಿಳಿಯುತ್ತದೆ: ಎಂಜಲಿನ ಪ್ರೋಟೀನನ್ನು ಟ್ಯಾನಿನ್ ಹಿಡಿದು ಕಟ್ಟುತ್ತದೆ, ನಾಲಿಗೆ ಒಣಗಿದಂತಾಗುತ್ತದೆ. ಊಟದಲ್ಲಿನ ಕಬ್ಬಿಣವನ್ನೂ ಅದು ಹಾಗೇ ಹಿಡಿಯುತ್ತದೆ. ರಕ್ತ ಕಡಿಮೆ ಇರುವವರಿಗೆ ಇದು ಸಣ್ಣ ವಿಷಯವಲ್ಲ.

ಔಷಧಿಯಾಗಿ ಬಳಕೆ ಇಲ್ಲವೇ ಅಂದರೆ, ಇದೆ. ಕಾಂಡ್ಲಾ ಗುಂಪಿನದೇ ಆದ ಹೊಳೆಚುಳ್ಳಿ ಎಂಬ ಮುಳ್ಳೆಲೆಯ ಗಿಡವನ್ನು ಉಬ್ಬಸಕ್ಕೆ, ಕೀಲುನೋವಿಗೆ ನಾಟಿ ವೈದ್ಯದಲ್ಲಿ ಬಳಸುತ್ತಾರೆ. ರೈಜೋಫೊರಾ ಎಲೆಯ ಸಾರ ಇಲಿಗಳಲ್ಲಿ ಸಕ್ಕರೆ ಇಳಿಸಿದ್ದೂ ಉಂಟು. ಇಲಿ ಮತ್ತು ಮನುಷ್ಯರ ನಡುವಿನ ದಾರಿ ಉದ್ದ, ಅಷ್ಟೇ.

ನನಗೆ ನಿಜವಾಗಿ ಹೆದರಿಕೆ ಬೇರೆ ಕಡೆ. ಕಾಂಡ್ಲಾ ಅನ್ನುವುದು ಒಂದೇ ಗಿಡದ ಹೆಸರಲ್ಲ. ಉಪ್ಪುನೀರಲ್ಲಿ ಬದುಕುವ, ಒಂದಕ್ಕೊಂದು ನೆಂಟರಲ್ಲದ ಹತ್ತಾರು ಜಾತಿಗಳಿಗೆ ಒಟ್ಟಾಗಿ ಇಟ್ಟ ಹೆಸರು. ಅದರಲ್ಲಿ ಎಕ್ಸೊಕೇರಿಯಾ ಅಗಲೋಚಾ ಕೂಡ ಸೇರಿದೆ. ಅದರ ಎಲೆ ಮುರಿದರೆ ಬಿಳಿ ಹಾಲು ಜಿನುಗುತ್ತದೆ. ಚರ್ಮಕ್ಕೆ ತಾಗಿದರೆ ಗುಳ್ಳೆ, ಕಣ್ಣಿಗೆ ಬಿದ್ದರೆ ಸ್ವಲ್ಪ ಕಾಲ ಕುರುಡು. ತಮಾಷೆಯೆಂದರೆ ಎಚ್‌ಐವಿ ವೈರಸ್ಸನ್ನು ಪ್ರಯೋಗಾಲಯದಲ್ಲಿ ತಡೆದ ಒಂದು ಸಂಯುಕ್ತ ಸಿಕ್ಕಿದ್ದೂ ಇದೇ ಗಿಡದಲ್ಲಿ.

ಹಾಗಾಗಿ ನನ್ನ ಉತ್ತರ: ಕುಡಿಯಬೇಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.