ಗರಸು ಹಾಕಿದರೂ ಚಕ್ಕಡಿ ರಸ್ತೆ ಯಾಕೆ ನಿಲ್ಲುವುದಿಲ್ಲ?

ಪ್ರಶ್ನೆ: ನಮ್ಮದು ನವಲಗುಂದ ಕಡೆ ಎರಿ ಹೊಲ, ಅಂದರೆ ಕಪ್ಪು ಮಣ್ಣಿನದು. ಹೊಲದ ದಾರಿಗೆ ಪ್ರತಿ ಬೇಸಿಗೆ ಎಲ್ಲರೂ ರೊಕ್ಕ ಕೂಡಿಸಿ ಗರಸು ಹಾಕಿಸುತ್ತೇವೆ. ಹೆಸರು ಬೆಳೆ ಬಿಡಿಸುವ ಹೊತ್ತಿಗೆ ಬರೀ ರಾಡಿ. ಟ್ರ್ಯಾಕ್ಟರ್ ಸಿಕ್ಕಿಕೊಳ್ಳುತ್ತದೆ. ಇನ್ನೂ ಜಾಸ್ತಿ ಗರಸು ಹಾಕಬೇಕಾ?

ಉತ್ತರ: ಬೇಡ. ಈ ಸಲ ಆ ರೊಕ್ಕದಲ್ಲಿ ಮೊದಲು ಗಟಾರ ತೋಡಿಸಿ.

ನಿಮ್ಮ ಗರಸನ್ನು ಯಾರೂ ಒಯ್ದಿಲ್ಲ, ಅದು ಕೆಳಗೇ ಇದೆ. ಎರಿ ಮಣ್ಣಿನ ಜಿಗುಟು ಅಂಶ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ನೀವೇ ನೋಡಿದ್ದೀರಿ, ಅಲ್ವಾ? ಅದರ ಮೇಲೆ ಗರಸು ಸುರಿದರೆ ಒಂದಿಷ್ಟು ಬಿರುಕಿಗೇ ಹೋಯಿತು. ಉಳಿದದ್ದನ್ನು ಮಳೆಗಾಲದಲ್ಲಿ ಗಾಲಿಗಳು ಮೆತ್ತಗಿನ ಮಣ್ಣಿಗೆ ಒತ್ತುತ್ತವೆ. ಕಲ್ಲು ಕೆಳಗೆ, ರಾಡಿ ಮೇಲೆ.

ಇನ್ನೊಂದು ತೊಂದರೆ ಇದೆ. ವರ್ಷಗಟ್ಟಲೆ ಗಾಲಿ ಓಡಿ ದಾರಿ ಹೊಲಕ್ಕಿಂತ ತಗ್ಗಾಗಿರುತ್ತದೆ. ಆಮೇಲೆ ಅದು ದಾರಿಯಲ್ಲ, ಹಳ್ಳ. ಎರಡೂ ಕಡೆಯ ಹೊಲದ ನೀರು ಅಲ್ಲಿಗೇ ಬರುತ್ತದೆ.

ಅದಕ್ಕೇ ಎರಡೂ ಬದಿಗೆ ಗಟಾರ ತೋಡಿ, ಆ ಮಣ್ಣನ್ನು ನಡುವೆ ಏರಿಸಿ. ನಡುವೆ ಎತ್ತರ, ಅಂಚಿಗೆ ಇಳಿಜಾರು ಇರಲಿ. 12 ಅಡಿ ಅಗಲದ ದಾರಿಗೆ ನಡುಭಾಗ ಅಂಚಿಗಿಂತ ಸುಮಾರು 3 ಇಂಚು ಎತ್ತರ ಸಾಕು. ಗಟಾರದ ನೀರು ಹಳ್ಳಕ್ಕೋ ತಗ್ಗಿಗೋ ಹೋಗಿ ಸೇರಬೇಕು. ಸುಮ್ನೆ ಉದ್ದಕ್ಕೆ ತೋಡಿ ಬಿಟ್ಟರೆ ಕೆರೆ ಕಟ್ಟಿದ ಹಾಗೆ ಆಗುತ್ತದೆ.

ಗರಸು ಆಮೇಲೆ. ಅದಕ್ಕೂ ಬಿತ್ತನೆಯ ಹಾಗೆ ಹದ ಬೇಕು. ಒಂದೆರಡು ಮಳೆ ಬಿದ್ದು ಬಿರುಕು ಮುಚ್ಚಿರಬೇಕು, ಆದರೆ ಕಾಲಿಗೆ ಮಣ್ಣು ಅಂಟಬಾರದು. ಒಮ್ಮೆಗೇ ಗುಡ್ಡೆ ಹಾಕಬೇಡಿ. ನಾಲ್ಕು ಇಂಚು ಹರಡಿ, ನೀರು ಚಿಮುಕಿಸಿ, ರೋಲರ್ ಓಡಿಸಿ, ಮತ್ತೆ ನಾಲ್ಕು ಇಂಚು. ಒಣ ಗರಸಿನ ಮೇಲೆ ರೋಲರ್ ಎಷ್ಟು ಓಡಿಸಿದರೂ ಅದು ಕಚ್ಚಿಕೊಳ್ಳುವುದಿಲ್ಲ. ಬರೀ ಕಲ್ಲಿನ ಗರಸೂ ಬೇಡ. ಸ್ವಲ್ಪ ಮಸಾರಿ (ಕೆಂಪು) ಮಣ್ಣು ಬೆರೆತಿದ್ದರೆ ಗಟ್ಟಿ ಕೂರುತ್ತದೆ.

ಪ್ರತಿ ವರ್ಷ ಗಾಡಿ ಸಿಕ್ಕಿಕೊಳ್ಳುವ ಜಾಗ ಎಲ್ಲ ದಾರಿಯಲ್ಲೂ ಒಂದೆರಡು ಇರುತ್ತವೆ. ಅಲ್ಲಿ ಮಾತ್ರ ಮೇಲಿನ ಅರ್ಧ ಅಡಿ ಎರಿ ಮಣ್ಣಿಗೆ ಸುಣ್ಣದ ಪುಡಿ ಬೆರೆಸಿ ಒತ್ತಿಸಬಹುದು. ಮಣ್ಣಿನ ತೂಕದ ನೂರಕ್ಕೆ 3ರಿಂದ 5 ಪಾಲು ಸುಣ್ಣ ಬೇಕಾಗುತ್ತದೆ, ಉಬ್ಬುವ ಗುಣ ಕಡಿಮೆಯಾಗುತ್ತದೆ. ಇಡೀ ದಾರಿಗೆ ಮಾಡಿಸಲು ಹೋದರೆ ಖರ್ಚು ಕೈ ಮೀರುತ್ತದೆ.

ಕೊನೆಗೆ, ಇಂಜಿನಿಯರ್ ಕೈಯಲ್ಲೂ ಆಗದ ಕೆಲಸ ಒಂದಿದೆ. ಇವತ್ತು ತೋಡಿದ ಗಟಾರವನ್ನು ಎರಡು ವರ್ಷದಲ್ಲಿ ಯಾರೋ ಒಬ್ಬರು ಉತ್ತು ಹೊಲಕ್ಕೆ ಸೇರಿಸಿಕೊಂಡಿರುತ್ತಾರೆ. ಜೆಸಿಬಿ ಕರೆಸುವ ಮೊದಲು ಎರಡೂ ಬದಿಯ ಹೊಲದವರನ್ನು ನಿಲ್ಲಿಸಿಕೊಂಡು ಅಳತೆ ಮಾಡಿ, ಗೂಟದ ಬದಲು ಕಲ್ಲು ನೆಡಿ. ಗೂಟ ಒಲೆಗೆ ಹೋಗುತ್ತದೆ.